ಬೆಂಕಿ ಹೊತ್ತುವ ಗಳಿಗೆ: ಹಳೆಯ ಡೀಸೆಲ್ ಗಾಡಿಯ ‘ಟೈಮಿಂಗ್’ ವಿಚಾರ

ಮೀಡಿಯಂ ವೇವಿನಲ್ಲಿ ವಾರ್ತೆ ಕೇಳುತ್ತ ಕುಳಿತಿರುವಾಗ ಮನೆಯ ಮುಂದೆ ಹಳೆಯ ಸ್ಕೂಟರೊಂದು ಹಾದುಹೋದರೆ ರೇಡಿಯೋದಲ್ಲಿ ಚಟಪಟ ಸದ್ದು ಬರುವುದನ್ನು ನೀವು ಗಮನಿಸಿರಬಹುದು. ಅದೇ ರಸ್ತೆಯಲ್ಲಿ ಹಳೆಯ ಡೀಸೆಲ್ ಪಿಕಪ್ ಗಾಡಿ ಹೋದರೆ ಕಿಟಕಿಯ ಗಾಜು ಅದುರೀತು; ರೇಡಿಯೋ ಮಾತ್ರ ತನ್ನ ಪಾಡಿಗೆ ತಾನು ಮಾತಾಡುತ್ತಿರುವುದು. ಕಾರಣ ಸರಳವಾದುದು. ಪೆಟ್ರೋಲ್ ಎಂಜಿನ್ನಿನಲ್ಲಿ ಬೆಂಕಿ ಹೊತ್ತಿಸಲು ವಿದ್ಯುತ್ ಕಿಡಿ ಹಾರುತ್ತದೆ. ಪ್ರತಿಯೊಂದು ಕಿಡಿಯೂ ಒಂದು ಪುಟ್ಟ ರೇಡಿಯೋ ಪ್ರಸಾರವೇ ಸರಿ. ಅದನ್ನೇ ನಮ್ಮ ರೇಡಿಯೋ ಹಿಡಿದು ಚಟಪಟವೆನ್ನುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ.

ಕಿಡಿಯಿಲ್ಲದ ಮೇಲೆ ಬೆಂಕಿ ಹೊತ್ತುವುದು ಹೇಗೆ? ಹೊತ್ತಬೇಕಾದ ಗಳಿಗೆಗೇ ಹೊತ್ತುವಂತೆ ನೋಡಿಕೊಳ್ಳುವವರು ಯಾರು? ಆ ಗಳಿಗೆ ತಪ್ಪಿದೆಯೆಂದು ನಾವು ತಿಳಿಯುವುದು ಹೇಗೆ? ಈ ಪ್ರಶ್ನೆಗಳು ಗ್ಯಾರೇಜಿನವರಿಗಷ್ಟೇ ಸೇರಿದವಲ್ಲ. ಪೀಣ್ಯದ ಕಾರ್ಖಾನೆಗಳಿಂದ ಬಿಡಿಭಾಗ ಹೊತ್ತು ವೈಟ್‌ಫೀಲ್ಡಿಗೂ ಎಲೆಕ್ಟ್ರಾನಿಕ್ ಸಿಟಿಗೂ ಓಡಾಡುವ ಗಾಡಿಗಳಲ್ಲಿ ಅನೇಕವು ಒಂದೊಂದು ಸಂಸಾರದ ಅನ್ನದ ತಟ್ಟೆ. ಗಾಡಿ ನಿಂತ ದಿನ ಬಾಡಿಗೆಯಿಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಅಂಥ ಒಂದು ಗಾಡಿ ನಿಮ್ಮ ತಮ್ಮನದು ಎಂದು ಭಾವಿಸೋಣ. ಯಾಂತ್ರಿಕ ಪಂಪಿನ ಹಳೆಯ ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್. ಕೆಲವು ದಿನಗಳಿಂದ ಬೆಳಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಆದಮೇಲೂ ಹಲವು ನಿಮಿಷ ಬಿಳಿಯ ಹೊಗೆ. ಭಾರ ತುಂಬಿಕೊಂಡು ಗೊರಗುಂಟೆಪಾಳ್ಯದ ಮೇಲ್ಸೇತುವೆ ಏರುವಾಗ ಎಳೆತವಿಲ್ಲ. ರಸ್ತೆಬದಿಯ ಮೇಸ್ತ್ರಿ ಬಂದು ಕಿವಿಗೊಟ್ಟು ಕೇಳುತ್ತಾನೆ. “ಟೈಮಿಂಗ್ ಹೋಗಿದೆ ಅಣ್ಣಾ, ಪಂಪು ಸ್ವಲ್ಪ ತಿರುಗಿಸಿ ಅಡ್ವಾನ್ಸ್ ಕೊಡ್ತೀನಿ, ಹೋಗುತ್ತೆ ನೋಡಿ” ಎನ್ನುತ್ತಾನೆ. ಸ್ಪ್ಯಾನರು ಅವನ ಕೈಯಲ್ಲಿಯೇ ಇದೆ. ನಿಮ್ಮ ತಮ್ಮ ನಿಮಗೆ ಫೋನು ಮಾಡಿ, “ಅಣ್ಣಾ, ಮಾಡಿಸಲೋ ಬೇಡವೋ?” ಎಂದು ಕೇಳುತ್ತಾನೆ.

ಏನು ಹೇಳುವಿರಿ? ಉತ್ತರ ಹೇಳುವ ಮೊದಲು ಎಂಜಿನ್ನಿನ ಒಳಗೆ ಒಮ್ಮೆ ಇಣುಕಿ ನೋಡೋಣ.

ಉಯ್ಯಾಲೆ ಮತ್ತು ಒಗ್ಗರಣೆ

ಉಯ್ಯಾಲೆಯಲ್ಲಿ ಕುಳಿತ ಮಗುವನ್ನು ನೀವು ತೂಗಿದ್ದೀರಿ. ಉಯ್ಯಾಲೆ ಹಿಂದಕ್ಕೆ ಬಂದು, ತುದಿ ಮುಟ್ಟಿ, ಮುಂದಕ್ಕೆ ಹೊರಡುವ ಹೊತ್ತಿಗೆ ತಳ್ಳಿದರೆ ಬೆರಳ ತುದಿಯ ಬಲವೇ ಸಾಕು. ಇನ್ನೂ ಹಿಂದಕ್ಕೆ ಬರುತ್ತಿರುವಾಗಲೇ ತಳ್ಳಿದರೆ ನಿಮ್ಮ ಕೈಗೂ ಪೆಟ್ಟು, ಮಗುವಿಗೂ ಗಾಬರಿ. ಮುಂದೆ ಹೋದಮೇಲೆ ತಳ್ಳಿದರೆ ಕೈ ಗಾಳಿಯನ್ನು ತಳ್ಳಿದಂತೆ, ಶ್ರಮವೆಲ್ಲ ವ್ಯರ್ಥ. ಎಂಜಿನ್ನಿನ ಪಿಸ್ಟನ್ನು ಹೀಗೆಯೇ ಮೇಲಕ್ಕೂ ಕೆಳಕ್ಕೂ ತೂಗುವ ಉಯ್ಯಾಲೆ. ಅದನ್ನು ಕೆಳಕ್ಕೆ ತಳ್ಳುವ ಕೈ ಎಂದರೆ ಉರಿಯುವ ಇಂಧನದ ಒತ್ತಡ. ಆ ಒತ್ತಡ ಸರಿಯಾದ ಹೊತ್ತಿಗೆ ಬೀಳುವಂತೆ ಮಾಡುವುದನ್ನೇ ಟೈಮಿಂಗ್ ಎನ್ನುತ್ತಾರೆ.

ಪಿಸ್ಟನ್ನಿನ ನಾಲ್ಕು ನಡೆಗಳಲ್ಲಿ ಒಂದು ಸುತ್ತು ಕೆಲಸ ಮುಗಿಯುತ್ತದೆ. ಮೊದಲ ನಡೆಯಲ್ಲಿ ಗಾಳಿಯನ್ನು ಒಳಗೆ ಸೆಳೆದುಕೊಳ್ಳುವುದು. ಎರಡನೆಯದರಲ್ಲಿ ಅದನ್ನು ಅದುಮುವುದು. ಮೂರನೆಯದರಲ್ಲಿ ಬೆಂಕಿಯ ಒತ್ತಡಕ್ಕೆ ಕೆಳಗಿಳಿಯುವುದು. ನಾಲ್ಕನೆಯದರಲ್ಲಿ ಹೊಗೆಯನ್ನು ಹೊರದೂಡುವುದು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಅದುಮಿ, ಕಿಡಿ ಹಾರಿಸಿ ಹೊತ್ತಿಸುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಅದುಮುವುದು ಬರಿಯ ಗಾಳಿಯನ್ನು. ಅದೂ ಎಷ್ಟು ಬಿಗಿಯಾಗಿ ಎಂದರೆ, ಹದಿನಾರರಿಂದ ಇಪ್ಪತ್ತೆರಡು ಪಾಲು ಜಾಗದಲ್ಲಿದ್ದ ಗಾಳಿ ಒಂದು ಪಾಲು ಜಾಗಕ್ಕೆ ಇಳಿಯುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬೆಚ್ಚಗಾಗುವುದನ್ನು ನೀವು ಬಲ್ಲಿರಿ. ಇಲ್ಲಿ ಅದೇ ಕ್ರಿಯೆಯಿಂದ ಗಾಳಿ 500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲನ್ನು ಸಣ್ಣ ತುಂತುರಾಗಿ ಚಿಮ್ಮಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1892ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ, 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನ ತಿರುಳು ಇಷ್ಟೇ.

ಹೀಗಾಗಿ ಪೆಟ್ರೋಲ್ ಗಾಡಿಯಲ್ಲಿ ಕಿಡಿ ಹಾರುವ ಗಳಿಗೆ ಎಷ್ಟು ಮುಖ್ಯವೋ, ಡೀಸೆಲ್ ಗಾಡಿಯಲ್ಲಿ ಇಂಧನ ಚಿಮ್ಮುವ ಗಳಿಗೆ ಅಷ್ಟೇ ಮುಖ್ಯ. ಆದರೆ ಚಿಮ್ಮಿದ ಕೂಡಲೇ ಡೀಸೆಲ್ ಹೊತ್ತುವುದಿಲ್ಲ. ಕಾದ ಎಣ್ಣೆಗೆ ಸಾಸಿವೆ ಹಾಕಿ ನೋಡಿ. ಬಿದ್ದ ಕೂಡಲೇ ಸಿಡಿಯುವುದಿಲ್ಲ. ಕ್ಷಣಕಾಲ ಸುಮ್ಮನಿದ್ದು ಆಮೇಲೆ ಚಟಚಟನೆ ಸಿಡಿಯುತ್ತದೆ. ಎಣ್ಣೆ ಸಾಕಷ್ಟು ಕಾಯದಿದ್ದರೆ ಇನ್ನೂ ತಡ. ಡೀಸೆಲಿನ ತುಂತುರಿಗೂ ಹೀಗೆಯೇ ಒಂದು ತಡವುಂಟು. ಅದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸಿನದು. ಅತ್ಯಲ್ಪವೆಂದು ನಗಬೇಡಿ. ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಅಷ್ಟರಲ್ಲಿ ಕ್ರ್ಯಾಂಕು 12 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಒಂದು ಡಿಗ್ರಿಗೆ ದೊರೆಯುವ ಕಾಲ ಸೆಕೆಂಡಿನ ಹನ್ನೆರಡು ಸಾವಿರದಲ್ಲೊಂದು ಭಾಗ ಮಾತ್ರ. ಆದುದರಿಂದ ಪಿಸ್ಟನ್ನು ಮೇಲ್ತುದಿ ಮುಟ್ಟುವುದಕ್ಕೆ ಕೆಲವು ಡಿಗ್ರಿ ಮೊದಲೇ ಡೀಸೆಲ್ ಹೊರಡಬೇಕು. ಎಷ್ಟು ಮೊದಲು ಎಂಬುದನ್ನು ಆ ಎಂಜಿನ್ನನ್ನು ಮಾಡಿದವರು ಪರೀಕ್ಷಿಸಿ ಗೊತ್ತುಮಾಡಿ, ಕೈಪಿಡಿಯಲ್ಲಿ ಬರೆದು, ಎಂಜಿನ್ನಿನ ಮೇಲೂ ಗುರುತು ಕೆತ್ತಿರುತ್ತಾರೆ.

ಗಳಿಗೆ ಕಾಯುವ ಪಂಪು

ಈ ಗಳಿಗೆಯನ್ನು ಕಾಯುವುದು ಇಂಧನ ಚಿಮ್ಮಿಸುವ ಪಂಪು. ಗಾಡಿಯ ಚಕ್ರದಲ್ಲಿ ಗಾಳಿಯ ಒತ್ತಡ ಕೆಲವೇ ಬಾರ್ ಇದ್ದರೆ, ಈ ಪಂಪು ಡೀಸೆಲನ್ನು ನೂರಾರು ಬಾರ್ ಒತ್ತಡದಲ್ಲಿ ದೂಡಬೇಕು. ಪ್ರತಿ ಬಾರಿ ಹನಿಯಷ್ಟೇ ದೂಡಬೇಕು. ನಾಲ್ಕು ಸಿಲಿಂಡರುಗಳಿಗೂ ಸಮನಾಗಿ, ಹೊತ್ತು ತಪ್ಪದೆ ದೂಡಬೇಕು. ಜರ್ಮನಿಯ ಬಾಷ್ ಸಂಸ್ಥೆ 1927ರಲ್ಲಿ ಇಂಥ ಪಂಪುಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ಮಾಡತೊಡಗಿದ ಮೇಲೆಯೇ ಡೀಸೆಲ್ ಎಂಜಿನ್ನು ಲಾರಿಗಳಿಗೆ ಸುಲಭವಾಗಿ ಒಗ್ಗಿತು.

ಈ ಕಥೆಯಲ್ಲಿ ನಮ್ಮೂರಿಗೂ ಪಾಲುಂಟು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಜನ ಮೈಕೋ ಎಂದು ಕರೆದ ಕಾರ್ಖಾನೆ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿತು. ಕಿಡಿಯ ಗಾಡಿಗೆ ಬೇಕಾದುದೂ ಕಿಡಿಯಿಲ್ಲದ ಗಾಡಿಗೆ ಬೇಕಾದುದೂ ಒಂದೇ ಮನೆಯಲ್ಲಿ ಹುಟ್ಟಿದುವು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾಯಿತು. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ನಾಗನಾಥಪುರದಲ್ಲಿಯೂ ಅದರ ಕಾರ್ಖಾನೆಯೊಂದು ಎದ್ದಿತು. ಹೆಸರು ಹೋದರೂ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರು ಉಳಿದಿದೆ. ಹಳೆಯ ಚಾಲಕರ ಬಾಯಲ್ಲಿ ‘ಮೈಕೋ ಪಂಪು’ ಎಂಬ ಮಾತೂ ಉಳಿದಿದೆ.

ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ. ಹಲ್ಲುಗಾಲಿಗಳ ಮೂಲಕ, ಇಲ್ಲವೆ ಸರಪಳಿ ಅಥವಾ ಹಲ್ಲಿನ ಬೆಲ್ಟಿನ ಮೂಲಕ. ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಪಂಪು ಒಂದು ಸುತ್ತು. ಪಂಪಿನ ಮೈಯನ್ನು ಎರಡು ಮೂರು ಬೋಲ್ಟುಗಳಿಂದ ಎಂಜಿನ್ನಿಗೆ ಬಿಗಿದಿರುತ್ತಾರೆ. ಬೋಲ್ಟಿನ ರಂಧ್ರಗಳು ಅನೇಕ ಪಂಪುಗಳಲ್ಲಿ ಸ್ವಲ್ಪ ಉದ್ದವಾಗಿರುತ್ತವೆ. ಬೋಲ್ಟು ಸಡಿಲಿಸಿ ಪಂಪಿನ ಮೈಯನ್ನು ಅದರ ಅಚ್ಚು ತಿರುಗುವ ದಿಕ್ಕಿಗೆ ಎದುರಾಗಿ ಹೊರಳಿಸಿದರೆ ಡೀಸೆಲ್ ಬೇಗ ಚಿಮ್ಮುತ್ತದೆ. ಅದೇ ದಿಕ್ಕಿಗೆ ಹೊರಳಿಸಿದರೆ ತಡವಾಗಿ ಚಿಮ್ಮುತ್ತದೆ. ನಮ್ಮ ಮೇಸ್ತ್ರಿ ಸ್ಪ್ಯಾನರು ಹಿಡಿದು ನಿಂತಿರುವುದು ಇಲ್ಲಿಯೇ.

ತಾನಾಗಿ ತಪ್ಪುವುದೇ?

ಈಗ ಮುಖ್ಯವಾದ ಮಾತಿಗೆ ಬಂದೆವು. ಟೈಮಿಂಗ್ ಎಂಬುದು ಹಾಲಿನಂತೆ ಒಡೆಯುವ ವಸ್ತುವಲ್ಲ, ರಾತ್ರಿ ಸರಿಯಿದ್ದು ಬೆಳಗಾಗುವುದರೊಳಗೆ ಕೆಟ್ಟಿತೆನ್ನುವುದಕ್ಕೆ. ಉಕ್ಕಿನ ಹಲ್ಲು ಉಕ್ಕಿನ ಹಲ್ಲನ್ನು ಕಚ್ಚಿಕೊಂಡು ಕಾಯುವ ಗಳಿಗೆ ಅದು. ಅದು ತಪ್ಪಬೇಕಾದರೆ ಕೆಲವೇ ದಾರಿಗಳಿವೆ.

ಒಂದು, ಯಾರೋ ಕೈಹಾಕಿರಬೇಕು: ಪಂಪು ಬಿಚ್ಚಿ ಹಾಕುವಾಗ, ಬೆಲ್ಟು ಬದಲಿಸುವಾಗ ಒಂದು ಹಲ್ಲು ಆಚೀಚೆ ಕೂತಿರಬೇಕು. ಕ್ರ್ಯಾಂಕಿನ ಗಾಲಿಗೆ 20 ಹಲ್ಲಿದ್ದರೆ ಒಂದು ಹಲ್ಲಿನ ತಪ್ಪಿಗೆ 18 ಡಿಗ್ರಿ ವ್ಯತ್ಯಾಸ. ಅದು ಸಣ್ಣ ತಪ್ಪಲ್ಲ. ಎರಡು, ಪಂಪಿನ ಬೋಲ್ಟುಗಳು ಸಡಿಲವಾಗಿ ಪಂಪು ಜರುಗಿರಬೇಕು. ಮೂರು, ಬಹುಕಾಲದ ಓಟದಿಂದ ಸರಪಳಿ ಉದ್ದವಾಗಿರಬೇಕು ಅಥವಾ ಹಲ್ಲುಗಾಲಿ ಸವೆದಿರಬೇಕು. ಇದು ದಿನಗಳಲ್ಲಿ ಆಗುವುದಲ್ಲ, ವರ್ಷಗಳಲ್ಲಿ ಆಗುವುದು. ನಾಲ್ಕು, ಪಂಪಿನ ಅಚ್ಚಿಗೂ ಗಾಲಿಗೂ ನಡುವಿನ ಕೀಲು ಕತ್ತರಿಸಿರಬೇಕು, ಅಥವಾ ಪಂಪಿನ ಒಳಗೇ ವೇಗಕ್ಕೆ ತಕ್ಕಂತೆ ಗಳಿಗೆಯನ್ನು ಹಿಂದುಮುಂದು ಮಾಡುವ ಭಾಗ ಕೆಟ್ಟಿರಬೇಕು.

ಆದುದರಿಂದ ತಮ್ಮನನ್ನು ನೀವು ಕೇಳಬೇಕಾದ ಮೊದಲ ಪ್ರಶ್ನೆ, ವೈದ್ಯರು ಕೇಳುವಂಥದೇ: “ಈ ತೊಂದರೆ ಶುರುವಾದದ್ದು ಯಾವಾಗ? ಅದಕ್ಕೆ ಮೊದಲು ಯಾರಾದರೂ ಪಂಪನ್ನೋ ಬೆಲ್ಟನ್ನೋ ಮುಟ್ಟಿದ್ದರೇ?” ಮುಟ್ಟಿದ್ದರೆ ಟೈಮಿಂಗ್ ಮೊದಲ ಸಂಶಯ. ಮುಟ್ಟಿಲ್ಲವಾದರೆ, ಪಂಪಿನ ಬೋಲ್ಟು ಬಿಗಿಯಾಗಿದ್ದು ಗುರುತು ಗುರುತಿನ ಎದುರೇ ಇದ್ದರೆ, ಟೈಮಿಂಗ್ ಕೊನೆಯ ಸಂಶಯ. ಈ ಒಂದು ಪ್ರಶ್ನೆ ಕೇಳದೆ ಪಂಪು ತಿರುಗಿಸುವುದು, ಗಂಟೆ ತೋರಿಸದ ಗಡಿಯಾರಕ್ಕೆ ಕೀಲಿ ಕೊಟ್ಟಿದೆಯೇ ಎಂದು ನೋಡದೆ ಮುಳ್ಳನ್ನು ಕೈಯಿಂದ ತಿರುಗಿಸಿದಂತೆ.

ಹೊಗೆ ಹೇಳುವ ಮಾತು

ಟೈಮಿಂಗ್ ಅಲ್ಲದಿದ್ದರೆ ಮತ್ತೇನು? ಹೊಗೆಯ ಬಣ್ಣ ನೋಡಿ. ಕಪ್ಪು ಹೊಗೆಯೆಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿಯಿಲ್ಲ. ನೀಲಿಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಯೆಂದರೆ ಡೀಸೆಲ್ ಒಳಗೆ ಹೋಗಿದೆ, ಉರಿಯದೆ ಆವಿಯಾಗಿ ಹೊರಬರುತ್ತಿದೆ. ಎಂಜಿನ್ನು ಕಾದಮೇಲೂ ಬಿಳಿ ಆವಿ ನಿಲ್ಲದೆ ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ನೀರೇ ಸಿಲಿಂಡರಿಗೆ ಇಳಿಯುತ್ತಿರಬಹುದು. ಆಗ ಗಾಡಿ ಓಡಿಸಲೇಬಾರದು.

ನಮ್ಮ ಗಾಡಿಯದು ತಣ್ಣಗಿರುವಾಗ ಬಿಳಿ ಹೊಗೆ, ಭಾರದಲ್ಲಿ ನಿಶ್ಶಕ್ತಿ. ಟೈಮಿಂಗ್ ತಡವಾದರೂ ಹೀಗೆಯೇ ಆಗುವುದು ನಿಜ. ಆದರೆ ಇದೇ ವೇಷ ಹಾಕಿಕೊಂಡು ಬರುವ ಬೇರೆ ದೋಷಗಳು ಹಲವಿವೆ. ಖರ್ಚಿಲ್ಲದ್ದನ್ನು ಮೊದಲು, ಖರ್ಚಿನದನ್ನು ಆಮೇಲೆ ನೋಡುವುದು ಜಾಣತನ.

ಮೊದಲು ಡೀಸೆಲ್ ಬರುವ ದಾರಿ. ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಕೊಳವೆ ಹಳತಾಗಿ ಕೂದಲಷ್ಟು ಬಿರುಕು ಬಿಟ್ಟರೂ ಡೀಸೆಲ್ ಹೊರಗೆ ಸೋರಬೇಕೆಂದಿಲ್ಲ; ಗಾಳಿ ಒಳಗೆ ಸೇರುತ್ತದೆ. ರಾತ್ರಿ ಗಾಡಿ ನಿಂತಾಗ ಕೊಳವೆಯಲ್ಲಿದ್ದ ಡೀಸೆಲ್ ಟ್ಯಾಂಕಿಗೆ ಹಿಂದಿರುಗುತ್ತದೆ. ಬೆಳಗ್ಗೆ ಪಂಪಿಗೆ ಸಿಗುವುದು ಗಾಳಿ. ಗಾಳಿ ಅದುಮಿದರೆ ಕುಗ್ಗುವ ವಸ್ತು, ಡೀಸೆಲ್ ಹಾಗಲ್ಲ. ಆದ್ದರಿಂದ ಪಂಪು ದೂಡಿದರೂ ನಾಜಲ್ಲು ಹೊತ್ತಿಗೆ ಸರಿಯಾಗಿ ತೆರೆಯದು. ಇದನ್ನು ಪರೀಕ್ಷಿಸಲು ಯಂತ್ರ ಬೇಡ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಫಿಲ್ಟರಿನ ಹತ್ತಿರದ ಕೈಪಂಪನ್ನು ಗಟ್ಟಿಯಾಗುವವರೆಗೂ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ. ಕೂಡಲೇ ಹಿಡಿದುಕೊಂಡರೆ ದೋಷ ಗಾಳಿಯದು. ಪಂಪಿಗೆ ಬರುವ ಕೊಳವೆಯ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಕೊಳವೆ ಹಾಕಿದರೆ ಗುಳ್ಳೆಗಳು ಕಣ್ಣಿಗೇ ಕಾಣುವುವು.

ಎರಡನೆಯದು ಡೀಸೆಲ್ ಫಿಲ್ಟರು. ಅದು ಕಟ್ಟಿಕೊಂಡಿದ್ದರೆ ಸುಮ್ಮನೆ ನಿಂತಾಗ ಎಂಜಿನ್ನು ಚೆನ್ನಾಗಿಯೇ ಓಡುವುದು. ಭಾರ ಹೊತ್ತು ಸೇತುವೆ ಏರುವಾಗ ಹಸಿವಿನಿಂದ ಬಳಲುವುದು. ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಸಿದು ನೋಡಿ. ಮೂರನೆಯದು ಗಾಳಿಯ ಫಿಲ್ಟರು. ಕಾಮಗಾರಿಯ ಧೂಳು ತುಂಬಿದ ರಸ್ತೆಗಳಲ್ಲಿ ಅದು ಕೈಪಿಡಿ ಹೇಳುವುದಕ್ಕಿಂತ ಬೇಗ ಮುಚ್ಚಿಹೋಗುವುದು.

ನಾಲ್ಕನೆಯದು ಹೀಟರ್ ಪ್ಲಗ್ಗು. ಕೆಲವು ಹಳೆಯ ಚಿಕ್ಕ ಡೀಸೆಲ್ ಎಂಜಿನ್ನುಗಳಲ್ಲಿ ಬೆಳಗಿನ ಚಳಿಗೆ ಸಿಲಿಂಡರನ್ನು ಬೆಚ್ಚಗೆ ಮಾಡಲು ಇವು ಇರುತ್ತವೆ. ನಾಲ್ಕರಲ್ಲಿ ಎರಡು ಸುಟ್ಟಿದ್ದರೆ ಎರಡು ಸಿಲಿಂಡರು ಎದ್ದು, ಎರಡು ಮಲಗಿಯೇ ಇರುವುವು; ಬಿಳಿ ಹೊಗೆ ಬರುವುದು ಆ ಮಲಗಿದ ಎರಡರಿಂದ. ಐದನೆಯದು ನಾಜಲ್ಲು. ತುಂತುರು ಮಾಡಬೇಕಾದ ನಾಜಲ್ಲು ಹನಿಹನಿಯಾಗಿ ಸುರಿದರೆ ಡೀಸೆಲ್ ಹೊತ್ತದು, ಹೊತ್ತಿದರೂ ಬಡಿಯುವ ಸದ್ದು. ಡೀಸೆಲ್ ಪಂಪು ರಿಪೇರಿ ಅಂಗಡಿಯಲ್ಲಿ ನಾಜಲ್ಲನ್ನು ಪರೀಕ್ಷೆಯ ಯಂತ್ರಕ್ಕೆ ಹಾಕಿ, ಅದು ತೆರೆಯುವ ಒತ್ತಡವನ್ನೂ ತುಂತುರಿನ ಆಕಾರವನ್ನೂ ತೋರಿಸುತ್ತಾರೆ. ಆರನೆಯದು ಅದುಮುವ ಬಲ, ಅಂದರೆ ಕಂಪ್ರೆಷನ್. ಉಂಗುರಗಳೂ ವಾಲ್ವುಗಳೂ ಸವೆದರೆ ಗಾಳಿ ಸಾಕಷ್ಟು ಕಾಯುವುದಿಲ್ಲ; ಎಣ್ಣೆ ಕಾಯದ ಒಗ್ಗರಣೆಯಂತೆ ಎಲ್ಲವೂ ತಡ. ಇದಕ್ಕೆ ಪಂಪು ತಿರುಗಿಸಿ ಪ್ರಯೋಜನವಿಲ್ಲ. ಆದರೆ ಈ ಮಾತನ್ನು ಅಳತೆಯ ಮಾಪಕ ಹಾಕಿ ನಾಲ್ಕೂ ಸಿಲಿಂಡರುಗಳ ಅಂಕಿ ಬರೆದುಕೊಟ್ಟವರಿಂದ ಮಾತ್ರ ನಂಬಬೇಕು. ಕಿವಿಯಿಂದ ಕೇಳಿಯೇ “ಎಂಜಿನ್ ಬಿಚ್ಚಬೇಕು” ಎಂದವರಿಂದ ಅಲ್ಲ.

ಇನ್ನೊಂದು ಸಂಗತಿ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಟರ್ಬೊ ಇಲ್ಲದ ಹಳೆಯ ಎಂಜಿನ್ನಿಗೆ ಅಷ್ಟು ಗಾಳಿ ಕಡಿಮೆಯಾದಂತೆ. ಕರಾವಳಿಯಿಂದ ತಂದ ಗಾಡಿ ಇಲ್ಲಿ ಸ್ವಲ್ಪ ಹೆಚ್ಚು ಕಪ್ಪು ಹೊಗೆ ಬಿಟ್ಟರೆ, ಸ್ವಲ್ಪ ಕಡಿಮೆ ಎಳೆದರೆ, ಅದನ್ನೆಲ್ಲ ಟೈಮಿಂಗಿನ ತಲೆಗೆ ಕಟ್ಟಬಾರದು.

ಸುಮ್ಮನೆ ಅಡ್ವಾನ್ಸ್ ಕೊಟ್ಟರೆ

“ತಿರುಗಿಸಿಯೇ ನೋಡೋಣ, ಸರಿಹೋದರೆ ಆಯಿತು” ಎನ್ನುವವರುಂಟು. ಅಪಾಯವಿರುವುದೇ ಅಲ್ಲಿ. ಡೀಸೆಲ್ಲನ್ನು ಇನ್ನಷ್ಟು ಬೇಗ ಚಿಮ್ಮಿಸಿದರೆ ಗಾಡಿ ಒಮ್ಮೊಮ್ಮೆ ಮೊದಲಿಗಿಂತ ಚುರುಕಾದಂತೆ ತೋರುವುದು. ಮೇಸ್ತ್ರಿಗೂ ಸಂತೋಷ, ನಿಮ್ಮ ತಮ್ಮನಿಗೂ ಸಂತೋಷ. ಆದರೆ ಒಳಗೆ ನಡೆಯುವುದೇ ಬೇರೆ. ಪಿಸ್ಟನ್ನು ಇನ್ನೂ ಮೇಲೆ ಬರುತ್ತಿರುವಾಗಲೇ ಬೆಂಕಿ ಎದುರಾಗಿ ಒತ್ತುವುದು. ಉಯ್ಯಾಲೆಗೆ ಎದುರು ಕೈಕೊಟ್ಟಂತೆ. ಸದ್ದು ಸುತ್ತಿಗೆಯ ಪೆಟ್ಟಿನಂತೆ ಗಡುಸಾಗುವುದು. ಒತ್ತಡದ ಶಿಖರ ಏರಿ, ಹೆಡ್ ಗ್ಯಾಸ್ಕೆಟ್ಟು, ಬೇರಿಂಗು, ಪಿಸ್ಟನ್ನುಗಳ ಮೇಲೆ ಹೊರೆ ಹೆಚ್ಚುವುದು. ಹೊಗೆಯಲ್ಲಿ ಸಾರಜನಕದ ವಿಷಾನಿಲವೂ ಹೆಚ್ಚುವುದು. ಮೂಲದೋಷವಾದ ಸೋರುವ ಕೊಳವೆ ಮಾತ್ರ ಹಾಗೆಯೇ ಉಳಿಯುವುದು. ತಡಮಾಡಿದರೂ ಕ್ಷೇಮವಿಲ್ಲ. ಬೆಂಕಿ ಹೊರಹೋಗುವ ದಾರಿಯವರೆಗೂ ಉರಿಯುತ್ತ, ಎಂಜಿನ್ನು ವಿಪರೀತ ಕಾದು, ಡೀಸೆಲ್ ಖರ್ಚು ಏರುವುದು.

ಇದಕ್ಕೂ ಕೆಟ್ಟದ್ದೆಂದರೆ ಗುರುತು ಹಾಕದೆ ತಿರುಗಿಸುವುದು. ಮೂಲಸ್ಥಾನ ಎಲ್ಲಿತ್ತೆಂಬುದೇ ತಿಳಿಯದಾಗಿ, ಒಂದು ದೋಷ ಹುಡುಕುತ್ತಿದ್ದವರಿಗೆ ಎರಡು ದೋಷಗಳಾಗುವುವು. ಹಾಗೆಯೇ, ಪಂಪಿನ ಮೇಲಿನ ಸೀಲು ಒಡೆದು ಡೀಸೆಲಿನ ಪ್ರಮಾಣ ಹೆಚ್ಚಿಸುವುದೂ ಬೇಡ. ಗಾಳಿ ಹೆಚ್ಚದೆ ಡೀಸೆಲ್ ಹೆಚ್ಚಿಸಿದರೆ ಹೆಚ್ಚುವುದು ಕಪ್ಪು ಹೊಗೆಯೇ.

ಸರಿಯಾಗಿ ನೋಡುವ ಬಗೆ

ಎಲ್ಲ ನೋಡಿಯೂ ಸಂಶಯ ಉಳಿದರೆ, ಅಥವಾ ಪಂಪು ಬಿಚ್ಚಿದ್ದು ನಿಜವಾದರೆ, ಟೈಮಿಂಗನ್ನು ಅಳೆಯಲೇಬೇಕು. ಅಳೆಯುವುದನ್ನು ನೀವು ಮಾಡಬೇಕಾಗಿಲ್ಲ; ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ಅರಿತಿದ್ದರೆ ಸಾಕು.

ಮೊದಲು ಪಂಪಿನ ಮೈಯ ಮೇಲೂ ಎಂಜಿನ್ನಿನ ಮೇಲೂ ಸೇರಿದಂತೆ ಒಂದು ಸಣ್ಣ ಗೆರೆ ಗೀರಬೇಕು. ಹೊಸ ಪ್ರಯತ್ನ ಕೆಟ್ಟರೆ ಹಳೆಯ ಜಾಗಕ್ಕೆ ಹಿಂದಿರುಗಲು ಅದೇ ದಾರಿ. ಆಮೇಲೆ ಮೊದಲನೆಯ ಸಿಲಿಂಡರನ್ನು ಅದುಮುವ ನಡೆಗೆ ತರಬೇಕು. ಇಲ್ಲಿ ಎಷ್ಟೋ ಮಂದಿ ಮೋಸಹೋಗುತ್ತಾರೆ. ಪಿಸ್ಟನ್ನು ಒಂದು ಸುತ್ತು ಕೆಲಸದಲ್ಲಿ ಎರಡು ಬಾರಿ ಮೇಲ್ತುದಿ ಮುಟ್ಟುತ್ತದೆ. ಒಮ್ಮೆ ಅದುಮುವಾಗ, ಇನ್ನೊಮ್ಮೆ ಹೊಗೆ ದೂಡುವಾಗ. ಮೊದಲ ಸಿಲಿಂಡರಿನ ಎರಡೂ ವಾಲ್ವುಗಳು ಮುಚ್ಚಿದ್ದರೆ ಮಾತ್ರ ಅದು ನಮಗೆ ಬೇಕಾದ ಮೇಲ್ತುದಿ.

ಸಾಲು ಪಂಪಿನಲ್ಲಿ ಹಳೆಯ ಕುಶಲಿಗಳ ವಿಧಾನ ನೋಡಲು ಸೊಗಸು. ಮೊದಲ ಸಿಲಿಂಡರಿನ ಡೆಲಿವರಿ ವಾಲ್ವನ್ನು ತೆಗೆದು, ಅಲ್ಲಿ ಹಂಸದ ಕತ್ತಿನಂತೆ ಬಾಗಿದ ಸಣ್ಣ ಕೊಳವೆ ಕೂರಿಸುತ್ತಾರೆ. ಡೀಸೆಲ್ ಅದರಿಂದ ಧಾರೆಯಾಗಿ ಇಳಿಯುತ್ತಿರುವುದು. ಎಂಜಿನ್ನನ್ನು ಅದು ಓಡುವ ದಿಕ್ಕಿಗೇ ಕೈಯಿಂದ ಮೆಲ್ಲಮೆಲ್ಲನೆ ತಿರುಗಿಸುತ್ತಾರೆ. ಪಂಪಿನ ಒಳಗಿನ ಪ್ಲಂಜರು ಮೇಲೇರಿ ರಂಧ್ರ ಮುಚ್ಚಿದ ಕ್ಷಣ ಧಾರೆ ಹನಿಯಾಗಿ ನಿಲ್ಲುತ್ತದೆ. ಡೀಸೆಲ್ ಹೊರಡುವ ಗಳಿಗೆ ಅದೇ. ಆಗ ಫ್ಲೈವೀಲಿನ ಅಥವಾ ಪುಲ್ಲಿಯ ಗುರುತು ಕೈಪಿಡಿಯ ಅಂಕಿಯನ್ನು ತೋರಿಸಬೇಕು. ತಿರುಗಿಸುವಾಗ ಗುರುತು ದಾಟಿಹೋದರೆ ಅಷ್ಟೇ ಹಿಂದಕ್ಕೆ ತರಬಾರದು. ಬಹಳಷ್ಟು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು. ಇಲ್ಲವಾದರೆ ಹಲ್ಲುಗಳ ನಡುವಿನ ಸಡಿಲವೇ ಲೆಕ್ಕ ತಪ್ಪಿಸುವುದು. ಒಂದೇ ಪ್ಲಂಜರು ಎಲ್ಲ ಸಿಲಿಂಡರಿಗೂ ಹಂಚುವ ಗುಂಡು ಪಂಪಾದರೆ, ಅದರ ತಲೆಗೆ ಮುಳ್ಳಿನ ಮಾಪಕ ಕೂರಿಸಿ, ಪ್ಲಂಜರು ಎಷ್ಟು ಎದ್ದಿದೆಯೆಂದು ಮಿಲಿಮೀಟರಿನ ನೂರರ ಭಾಗದಲ್ಲಿ ಓದುತ್ತಾರೆ.

ಹೀಗೆ ಅಳೆಯದೆ ಸದ್ದು ಕೇಳಿ ತಿರುಗಿಸುವುದು ಕೌಶಲವಲ್ಲ, ಅದೃಷ್ಟಪರೀಕ್ಷೆ. ಅನುಭವಿಯ ಕಿವಿ ದೊಡ್ಡದೇ. ಆದರೆ ಆ ಕಿವಿ ಸಂಶಯ ಹೇಳಬೇಕು, ಅಂಕಿ ಹೇಳಬಾರದು.

ಎಚ್ಚರಿಕೆಯ ಎರಡು ಮಾತು

ಹಳೆಯ ಪಂಪಿನ ಗಾಡಿಯಲ್ಲಿ ಮಲಗಿದ ಸಿಲಿಂಡರನ್ನು ಪತ್ತೆಮಾಡಲು ಎಂಜಿನ್ನು ಓಡುತ್ತಿರುವಾಗಲೇ ಒಂದೊಂದು ನಾಜಲ್ಲಿನ ಕೊಳವೆಯ ನಟ್ಟನ್ನು ಸಡಿಲಿಸಿ ನೋಡುವ ರೂಢಿಯಿದೆ. ಸಡಿಲಿಸಿದಾಗ ಓಟ ಬದಲಾಗದ ಸಿಲಿಂಡರೇ ದೋಷಿ. ಅರಿತವರು ಬಟ್ಟೆ ಸುತ್ತಿ, ಕನ್ನಡಕ ಹಾಕಿ ಮಾಡುವ ಕೆಲಸವಿದು. ಚಿಮ್ಮುವ ಡೀಸೆಲ್ ಧಾರೆ ಚರ್ಮ ತೂರಿ ಒಳಗೆ ಹೋಗಬಲ್ಲದು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆಯೆಂದು ವೈದ್ಯರಿಗೆ ಹೇಳಬೇಕು. ಅಲಕ್ಷ್ಯದಿಂದ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಕಾಮನ್ ರೈಲ್ ಎಂಬ ಹೊಸ ಬಗೆಯ ಗಾಡಿಗಳಲ್ಲಿ ಒತ್ತಡ ಸಾವಿರ ಬಾರ್ ಮೀರುವುದರಿಂದ ಈ ಪರೀಕ್ಷೆಯನ್ನು ಯಾರೂ ಮಾಡಲೇಬಾರದು.

ಹೊಸ ಗಾಡಿಗಳಲ್ಲಿ ತಿರುಗಿಸಲು ಏನೂ ಇಲ್ಲ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿಎಸ್ 6 ನಿಯಮ ಬಂದಮೇಲೆ ಮಾರುವ ಡೀಸೆಲ್ ಗಾಡಿಗಳಲ್ಲಿ ಗಳಿಗೆಯನ್ನು ಲೆಕ್ಕಹಾಕುವುದು ಗಣಕಪೆಟ್ಟಿಗೆ. ಪೆಟ್ರೋಲ್ ಇಂಜೆಕ್ಷನ್ನಿನ ಆರಂಭಕಾಲದ ಗಾಡಿಗಳು ಎರಡರ ನಡುವೆ ಸಿಕ್ಕಿಕೊಂಡವು. ಅಮೆರಿಕದ 1980ರ ದಶಕದ ಕೊನೆಯ ಷೆವ್ರೊಲೆ ಪಿಕಪ್ಪುಗಳಲ್ಲಿ ಕಿಡಿ ಹಂಚುವ ಹಳೆಯ ಡಿಸ್ಟ್ರಿಬ್ಯೂಟರೂ ಇತ್ತು, ಗಣಕಪೆಟ್ಟಿಗೆಯೂ ಇತ್ತು. ಅವುಗಳ ಟೈಮಿಂಗ್ ನೋಡಲು ಮೊದಲು ಒಂದು ತಂತಿಯ ಜೋಡಣೆ ಬಿಡಿಸಿ, ಪೆಟ್ಟಿಗೆ ತಾನೇ ಗಳಿಗೆ ಬದಲಿಸದಂತೆ ಸುಮ್ಮನಿರಿಸಬೇಕಾಗಿತ್ತು. ಹಾಗೆ ಮಾಡದೆ ಅಳೆದವರು ಓಡುವ ನೆರಳನ್ನು ಅಳೆದಂತೆಯೇ. ಗಾಡಿ ಯಾವುದಾದರೂ ನೀತಿ ಒಂದೇ: ಅಳತೆ ಮೊದಲು, ಕೈ ಆಮೇಲೆ.

ಈಗ ತಮ್ಮನಿಗೆ ಉತ್ತರ ಹೇಳಬಹುದು. “ಪಂಪು ಮುಟ್ಟಿಸಬೇಡ. ಬೋಲ್ಟು ಬಿಗಿಯಾಗಿದೆಯೇ, ಗುರುತು ಎದುರುಬದುರಾಗಿದೆಯೇ ನೋಡು. ನಾಳೆ ಬೆಳಗ್ಗೆ ಕೈಪಂಪು ಒತ್ತಿ ಸ್ಟಾರ್ಟ್ ಮಾಡು. ರಬ್ಬರ್ ಕೊಳವೆ, ಎರಡೂ ಫಿಲ್ಟರು, ಹೀಟರ್ ಪ್ಲಗ್ಗು, ನಾಜಲ್ಲು, ಈ ಕ್ರಮದಲ್ಲಿ ನೋಡಿಸು. ಆಮೇಲೂ ಸರಿಹೋಗದಿದ್ದರೆ ಅಳೆಯುವ ಸಲಕರಣೆ ಇರುವ ಅಂಗಡಿಗೆ ಹೋಗು.” ಸ್ಪ್ಯಾನರು ಹಿಡಿದ ಮೇಸ್ತ್ರಿಯ ಮೇಲೆ ಸಿಟ್ಟಾಗಬೇಕಿಲ್ಲ. ಅವನಿಗೂ ಹೊತ್ತಿನ ಅಭಾವ, ಗಿರಾಕಿಗೂ ಅವಸರ. ಆದರೆ ಕೇಳಬೇಕಾದ ಪ್ರಶ್ನೆ ಕೇಳುವ ಹಕ್ಕು ಗಾಡಿಯ ಒಡೆಯನದು.

ಗಾಡಿ ಸರಿಹೋಯಿತೆಂದು ತಿಳಿಯಲು ಒಂದು ಸುಲಭ ಸಾಕ್ಷಿಯೂ ಉಂಟು. ಹೊಗೆ ಪರೀಕ್ಷೆಯ ಕೇಂದ್ರದಲ್ಲಿ ಬಿಎಸ್ 4ಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಹೊಗೆಯ ಸಾಂದ್ರತೆ 65 ಹಾರ್ಟ್ರಿಜ್ ಅಂಕ ಮೀರಬಾರದೆಂಬುದು ನಿಯಮ. ಆ ಚೀಟಿಯನ್ನು ಗಾಜಿನ ಹಿಂದೆ ಸಿಕ್ಕಿಸಿ ಮರೆಯಬೇಡಿ; ಪ್ರತಿ ಬಾರಿಯ ಅಂಕಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅಂಕಿ ಮೆಲ್ಲನೆ ಏರುತ್ತಿದ್ದರೆ, ಸೇತುವೆಯ ನಡುವೆ ಗಾಡಿ ನಿಲ್ಲುವುದಕ್ಕೆ ಎಷ್ಟೋ ಮುಂಚೆ ಎಂಜಿನ್ನು ನಿಮಗೆ ಸುದ್ದಿ ಕಳುಹಿಸುತ್ತಿದೆಯೆಂದು ತಿಳಿಯಿರಿ.